ಬುಧವಾರದ ಮಾತ್ರೆ

ಕೀಲುನೋವೆಂದರೆ ಅಜ್ಜಿಯರ ಸೊತ್ತು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಹನ್ನೆರಡು ವರ್ಷದ ಹುಡುಗಿ ‘ಬೆರಳು ಮಡಚಲಾಗುತ್ತಿಲ್ಲ’ ಎಂದರೆ ದೊಡ್ಡವರು ಮೊದಲು ನೋಡುವುದು ಅವಳ ಬೆರಳನ್ನಲ್ಲ, ಶಾಲೆಯ ವೇಳಾಪಟ್ಟಿಯನ್ನು. ಇವತ್ತು ಗಣಿತದ ಪರೀಕ್ಷೆ ಇದೆಯೇ ಎಂದು! 1986ರಲ್ಲಿ ಅರಸೀಕೆರೆಯಲ್ಲಿ ಏಳನೇ ತರಗತಿ ಓದುತ್ತಿದ್ದ ನನಗೆ ಈ ಕಾಯಿಲೆ ಬಂದಾಗ ಊರಿನಲ್ಲಿ ಅದಕ್ಕೊಂದು ಹೆಸರೇ ಇರಲಿಲ್ಲ. ದೊಡ್ಡವರಿಗೆ ಬಂದರೆ ವಾಯು, ಮಕ್ಕಳಿಗೆ ಬಂದರೆ ಸೋಮಾರಿತನ.

ಬೆಳಿಗ್ಗೆ ಎದ್ದಾಗ ನನ್ನ ಬೆರಳುಗಳು ಯಾರದೋ ಬೆರಳುಗಳಂತೆ ಇರುತ್ತಿದ್ದವು. ಬಚ್ಚಲಿನ ಚೊಂಬು ಹಿಡಿಯಲಾಗದು, ಲಂಗದ ಲಾಡಿ ಕಟ್ಟಲಾಗದು. ಎರಡೂ ಮಂಡಿ ಊದಿ ಬಿಸಿಯಾಗಿರುತ್ತಿದ್ದವು. ಹನ್ನೊಂದು ಗಂಟೆಯ ಹೊತ್ತಿಗೆ ಯಾರೋ ತುಕ್ಕು ಹಿಡಿದ ಬಾಗಿಲಿಗೆ ಎಣ್ಣೆ ಬಿಟ್ಟಂತೆ ಎಲ್ಲವೂ ಸಡಿಲವಾಗುತ್ತಿತ್ತು. ಮಧ್ಯಾಹ್ನ ಊಟದ ಬಿಡುವಿನಲ್ಲಿ ನಾನು ಕುಂಟೆಬಿಲ್ಲೆ ಆಡಿದ್ದೂ ಉಂಟು. ಇದನ್ನು ಕಂಡ ಡ್ರಿಲ್ ಮೇಷ್ಟ್ರು, “ಬೆಳಿಗ್ಗೆ ಪ್ರಾರ್ಥನೆಗೆ ನಿಲ್ಲೋಕಾಗಲ್ಲ, ಮಧ್ಯಾಹ್ನ ಕುಣಿಯೋಕಾಗುತ್ತೆ. ಇದು ಕೀಲುನೋವಲ್ಲ ಕಣಮ್ಮ, ಸ್ಕೂಲುನೋವು” ಎಂದರು. ತರಗತಿಯೆಲ್ಲ ನಕ್ಕಿತು. ಮಾತು ಚೆನ್ನಾಗಿತ್ತು ಎಂಬುದನ್ನು ಈಗ ಒಪ್ಪುತ್ತೇನೆ. ಆದರೆ ಬೆಳಗಿನ ಬಿಗಿತ ಮಧ್ಯಾಹ್ನಕ್ಕೆ ಸಡಿಲವಾಗುವುದೇ ಈ ಕಾಯಿಲೆಯ ಮುಖ್ಯ ಗುರುತು ಎಂಬುದು ಅವರಿಗೆ ತಿಳಿಯದು. ಮಕ್ಕಳು ನಟಿಸುತ್ತಿದ್ದಾರೆ ಎಂದು ದೊಡ್ಡವರು ಯಾವುದನ್ನು ತೋರಿಸಿ ಹೇಳುತ್ತಾರೋ, ವೈದ್ಯರಿಗೆ ಅದೇ ಸಾಕ್ಷಿ.

ನಮ್ಮಮ್ಮ ನನ್ನನ್ನು ನಂಬಿದರು. ಅವರು ಓದಿದ್ದು ನಾಲ್ಕನೇ ತರಗತಿ. ಅಪ್ಪ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದುದರಿಂದಲೋ ಏನೋ, ಯಾವುದನ್ನೂ ಗುರುತು ಹಾಕಿಡದೆ ಬಿಡುವ ಅಭ್ಯಾಸ ನಮ್ಮ ಮನೆಯಲ್ಲಿ ಇರಲಿಲ್ಲ. ಅಡುಗೆಮನೆಯ ಗೋಡೆಗೆ ತೂಗುಹಾಕಿದ್ದ ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ, ಏಕಾದಶಿ ಎಲ್ಲವೂ ಇರುತ್ತಿದ್ದವು. ಅದರ ಪಕ್ಕದಲ್ಲೇ ಅಮ್ಮ ಪ್ರತಿದಿನ ಒಂದು ಸಂಖ್ಯೆ ಬರೆಯತೊಡಗಿದರು. ನಾನು ಎದ್ದಮೇಲೆ ನನ್ನ ಜಡೆಯನ್ನು ನಾನೇ ಹೆಣೆದುಕೊಳ್ಳಲು ಎಷ್ಟು ಹೊತ್ತು ಬೇಕಾಯಿತು ಎಂಬುದು. ಎರಡು ಗಂಟೆ, ಎರಡೂವರೆ, ಒಂದೂಮುಕ್ಕಾಲು. ಊದಿದ ಕೀಲಿಗೆ ಒಂದು ಚುಕ್ಕೆ. ಎಡಮಂಡಿ, ಬಲಮಂಡಿ, ಬಲಗೈ ಮಣಿಕಟ್ಟು. ಲಕ್ಕಿ ಸೊಪ್ಪಿನ ಶಾಖ ಕೊಟ್ಟ ದಿನ ಒಂದು ಸೊನ್ನೆ. ಶಾಖ ಹಿತವಾಗಿರುತ್ತಿತ್ತು, ಸಂಖ್ಯೆ ಮಾತ್ರ ಇಳಿಯುತ್ತಿರಲಿಲ್ಲ.

ನಮ್ಮೂರಿನ ಡಾಕ್ಟರು ರುಮ್ಯಾಟಿಕ್ ಜ್ವರವಿರಬಹುದೆಂದು ಪೆನಿಸಿಲಿನ್ ಚುಚ್ಚುತ್ತಿದ್ದರು. ಗಂಟಲು ನೋವಿನ ಬೆನ್ನಿಗೆ ಬಂದು ಹೃದಯವನ್ನೂ ಹಾಳುಮಾಡುವ ಆ ಜ್ವರ ನಮ್ಮ ದೇಶದ ಮಕ್ಕಳಲ್ಲಿ ಸಾಮಾನ್ಯವಾಗಿದ್ದುದರಿಂದ ಅವರು ಹಾಗೆ ಯೋಚಿಸಿದ್ದು ಸರಿಯೇ. ಕೊನೆಗೆ ಅಪ್ಪ ರೈಲು ಹತ್ತಿಸಿ ಬೆಂಗಳೂರಿಗೆ ಕರೆದೊಯ್ದರು. ದೊಡ್ಡಾಸ್ಪತ್ರೆಯ ಹಿರಿಯ ವೈದ್ಯರೊಬ್ಬರು ರಕ್ತಪರೀಕ್ಷೆಯ ಚೀಟಿಯನ್ನು ಒಮ್ಮೆ ನೋಡಿ ಪಕ್ಕಕ್ಕಿಟ್ಟರು. ಅಮ್ಮ ಸುರುಳಿ ಸುತ್ತಿ ತಂದಿದ್ದ ಕ್ಯಾಲೆಂಡರಿನ ಹಾಳೆಗಳನ್ನು ಮಾತ್ರ ಮೇಜಿನ ಮೇಲೆ ಹರಡಿ, ಕನ್ನಡಕ ಏರಿಸಿ, ಬಹಳ ಹೊತ್ತು ಓದಿದರು. ರುಮ್ಯಾಟಿಕ್ ಜ್ವರದಲ್ಲಿ ನೋವು ಒಂದು ಕೀಲಿನಿಂದ ಇನ್ನೊಂದಕ್ಕೆ ನೆಗೆಯುತ್ತ ಹೋಗುತ್ತದೆ. ಅಮ್ಮನ ಚುಕ್ಕೆಗಳು ಅದದೇ ಮೂರು ಕೀಲುಗಳಲ್ಲಿ ಮೂರು ತಿಂಗಳಿನಿಂದ ಬೀಡುಬಿಟ್ಟಿದ್ದವು. “ಏನಮ್ಮಾ, ಇದನ್ನು ಯಾರು ಹೇಳಿಕೊಟ್ಟರು ನಿಮಗೆ?” ಎಂದು ಕೇಳಿದರು. “ಯಾರೂ ಇಲ್ಲ ಡಾಕ್ಟ್ರೇ. ಮರೆತುಹೋಗುತ್ತಲ್ಲ, ಅದಕ್ಕೆ” ಎಂದರು ಅಮ್ಮ.

ಮಕ್ಕಳ ಸಂಧಿವಾತ ಎಂದು ಹೆಸರಿಟ್ಟರು. ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ 1897ರಲ್ಲಿಯೇ 22 ಮಕ್ಕಳನ್ನು ನೋಡಿ ಇದನ್ನು ಕುರಿತು ಬರೆದಿದ್ದರು. ಹದಿನಾರು ವರ್ಷದೊಳಗೆ ಶುರುವಾಗಿ, ಆರು ವಾರಕ್ಕೂ ಹೆಚ್ಚು ಕಾಲ ಕೀಲು ಊದಿಯೇ ಇದ್ದು, ಬೇರೆ ಕಾರಣ ಸಿಗದಿದ್ದರೆ ಅದು ಇದು. ಹೌದು, ಇದೇ ಎಂದು ಒಂದೇ ಏಟಿಗೆ ಹೇಳುವ ರಕ್ತಪರೀಕ್ಷೆ ಅಂದೂ ಇರಲಿಲ್ಲ, ಇಂದೂ ಇಲ್ಲ. ದೊಡ್ಡವರ ರುಮಟಾಯ್ಡ್ ಸಂಧಿವಾತದಲ್ಲಿ ಸಿಗುವ ಆರ್.ಎ. ಫ್ಯಾಕ್ಟರ್ ಬಹುಪಾಲು ಮಕ್ಕಳಲ್ಲಿ ಸಿಗುವುದೇ ಇಲ್ಲ. ‘ರಿಪೋರ್ಟು ನಾರ್ಮಲ್ ಇದೆ, ಏನೂ ಇಲ್ಲ’ ಎಂದು ಮನೆಗೆ ಮರಳುವ ತಾಯಿತಂದೆಯರು ಈ ಒಂದು ವಾಕ್ಯವನ್ನು ಇನ್ನೊಮ್ಮೆ ಓದಿಕೊಳ್ಳಬೇಕೆಂದು ನನ್ನ ಕೋರಿಕೆ.

ಕಾಯಿಲೆಯ ಒಳಗುಟ್ಟು ಏನೆಂದರೆ, ರೋಗಾಣುಗಳೊಡನೆ ಹೋರಾಡಬೇಕಾದ ನಮ್ಮ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲಿನ ಒಳಪೊರೆಯನ್ನು ಶತ್ರುವೆಂದು ತಿಳಿದು ಅದರ ಮೇಲೆ ಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯುವುದು ಎಂದು ನಮ್ಮವರು ಹೇಳುತ್ತಾರಲ್ಲ, ಅದೇ. ಈ ಜಾತಿಯ ಕಾಯಿಲೆಗಳಿಗೆ ಆಟೋಇಮ್ಯೂನ್ ಕಾಯಿಲೆಗಳೆಂದು ಹೆಸರು. ಚರ್ಮದಲ್ಲಾದರೆ ಸೋರಿಯಾಸಿಸ್, ಮೇದೋಜೀರಕದಲ್ಲಾದರೆ ಮಕ್ಕಳ ಸಕ್ಕರೆ ಕಾಯಿಲೆ, ಮೈಯೆಲ್ಲ ಆವರಿಸಿದರೆ ಲೂಪಸ್. ಬೇಲಿ ಮೇಯ್ದಲ್ಲೆಲ್ಲ ಉರಿಯೂತ, ಅಂದರೆ ಊತ, ಬಿಸಿ, ನೋವು.

ನನ್ನ ಮೊದಲ ಔಷಧ ಆಸ್ಪಿರಿನ್. ತಲೆನೋವಿಗೆ ನುಂಗುವಂತೆ ಒಂದೆರಡಲ್ಲ, ದಿನಕ್ಕೆ ಹಿಡಿ ತುಂಬ. ಕಿವಿಯೊಳಗೆ ಜೀರುಂಡೆ ಕೂಗತೊಡಗಿದರೆ ಅಳತೆ ಹೆಚ್ಚಾಯಿತು, ಒಂದು ಮಾತ್ರೆ ಕಡಿಮೆ ಮಾಡು ಎಂದು ಡಾಕ್ಟರು ಹೇಳಿಕೊಟ್ಟಿದ್ದರು. ಆಮೇಲೆ ಕೆಲವು ತಿಂಗಳು ಚಿನ್ನದ ಇಂಜೆಕ್ಷನ್. ನಿಜವಾದ ಚಿನ್ನದ ಲವಣ! “ನಿನ್ನ ಮದುವೆಗೆ ಹಾಕಬೇಕಾದ ಚಿನ್ನವನ್ನು ಈಗಲೇ ಹಾಕ್ತಿದಾರೆ” ಎಂದು ಅಪ್ಪ ನಗಿಸುತ್ತಿದ್ದರು. ಈ ಚಿನ್ನದ ಕಥೆ ವಿಚಿತ್ರ. 1890ರಲ್ಲಿ ರಾಬರ್ಟ್ ಕಾಕ್ ಅವರು ಚಿನ್ನದ ಒಂದು ಲವಣ ಗಾಜಿನ ಕೊಳವೆಯಲ್ಲಿ ಕ್ಷಯದ ರೋಗಾಣುವನ್ನು ತಡೆಯುತ್ತದೆಂದು ಕಂಡರು. ಸಂಧಿವಾತವೂ ಕ್ಷಯದಂಥದೇ ಸೋಂಕು ಎಂದು ಭಾವಿಸಿದ ಫ್ರಾನ್ಸಿನ ಝಾಕ್ ಫೊರೆಸ್ಟಿಯೆ 1929ರ ಸುಮಾರಿಗೆ ಅದನ್ನು ಕೀಲುರೋಗಿಗಳಿಗೆ ಕೊಟ್ಟರು. ಕ್ಷಯಕ್ಕೂ ಈ ಕಾಯಿಲೆಗೂ ಸಂಬಂಧವಿರಲಿಲ್ಲ. ಆದರೂ ಕೆಲವರಿಗೆ ಗುಣ ಕಂಡಿತು. ತಪ್ಪು ವಿಳಾಸ ಹಿಡಿದು ಹೊರಟವರು ಸರಿಯಾದ ಮನೆಯ ಬಾಗಿಲು ತಟ್ಟಿದಂತೆ. ನನಗೆ ಮಾತ್ರ ಆ ಬಾಗಿಲು ತೆರೆಯಲಿಲ್ಲ. ಮೈಮೇಲೆ ಗಂಧೆ ಎದ್ದು ನಿಲ್ಲಿಸಬೇಕಾಯಿತು.

1987ರಲ್ಲಿ ಪ್ರೆಡ್ನಿಸೋಲೋನ್ ಬಂತು. ಒಂದು ವಾರದಲ್ಲಿ ಕ್ಯಾಲೆಂಡರಿನ ಸಂಖ್ಯೆ ಎರಡು ಗಂಟೆಯಿಂದ ಹತ್ತು ನಿಮಿಷಕ್ಕೆ ಇಳಿಯಿತು. ನಾನು ಸ್ಟೇಷನ್ ರಸ್ತೆಯಲ್ಲಿ ಓಡಿದೆ. ಈ ಮಾತ್ರೆಯ ಹಿಂದಿನ ಕಥೆಯನ್ನು ನಾನು ಓದಿದ್ದು ಎಷ್ಟೋ ವರ್ಷಗಳ ಮೇಲೆ, ಪಿ.ಯು. ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಹೇಳತೊಡಗಿದ ನಂತರ. ಓದುವಾಗ ನೆನಪಾದದ್ದು ಅಮ್ಮನ ಕ್ಯಾಲೆಂಡರು.

ಅಮೆರಿಕದ ಮಿನ್ನೆಸೋಟ ರಾಜ್ಯದ ರೋಚೆಸ್ಟರ್ ಎಂಬ ಊರಿನ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರಿದ್ದರು. 1929ರಲ್ಲಿ ಅವರ ರೋಗಿಯೊಬ್ಬರು, ಸ್ವತಃ ವೈದ್ಯರು, 65 ವರ್ಷದವರು, ತಮಗೆ ಕಾಮಾಲೆ ಬಂದ ಮರುದಿನದಿಂದ ಕೀಲುನೋವು ಇಳಿಯಿತು ಎಂದು ಹೇಳಿದರು. ಕಾಮಾಲೆಯಿಂದ ಕೀಲುನೋವು ವಾಸಿ! ಬೇರೆ ಯಾರಾದರೂ ಆಗಿದ್ದರೆ ‘ಸರಿ ಸರಿ’ ಎಂದು ಮುಂದಿನ ರೋಗಿಯನ್ನು ಕರೆಯುತ್ತಿದ್ದರು. ಹೆಂಚ್ ಅದನ್ನು ಬರೆದಿಟ್ಟುಕೊಂಡರು. ಕಾಮಾಲೆ ಬಂದ ಇತರ ಕೀಲುರೋಗಿಗಳನ್ನು ಹುಡುಕಿ ಕೇಳಿದರು. ಎಷ್ಟೋ ಮಂದಿ ಅದೇ ಮಾತು ಹೇಳಿದರು. ಬಸುರಿನಲ್ಲಿ ನೋವು ಮಾಯವಾಗಿ ಹೆರಿಗೆಯ ನಂತರ ಮರಳುತ್ತದೆಂದು ಹೆಂಗಸರು ಹೇಳಿದರು. ಅದುವರೆಗೆ ಸಂಧಿವಾತವೆಂದರೆ ಒಮ್ಮೆ ಹಿಡಿದರೆ ಬಿಡದ ಕಾಯಿಲೆ ಎಂದು ವೈದ್ಯರು ತಿಳಿದಿದ್ದರು. ಹಾಗಲ್ಲ, ಹಿಂದಿರುಗಿಸಬಹುದಾದ ಕಾಯಿಲೆ, ದೇಹದಲ್ಲಿಯೇ ಏನೋ ಒಂದು ವಸ್ತು ಅದನ್ನು ಇಳಿಸುತ್ತಿದೆ ಎಂದು ಹೆಂಚ್ ತರ್ಕಿಸಿದರು. ಹೆಸರು ತಿಳಿಯದ ಆ ವಸ್ತುವಿಗೆ ‘ಎಕ್ಸ್’ ಎಂದು ಹೆಸರಿಟ್ಟರು. ಅದನ್ನು ಹುಡುಕುತ್ತ ಪಿತ್ತದ ಲವಣ ಕೊಟ್ಟು ನೋಡಿದರು, ಕಾಮಾಲೆಯವರ ರಕ್ತ ಕೊಟ್ಟು ನೋಡಿದರು. ಯಾವುದೂ ಫಲಿಸಲಿಲ್ಲ.

ಅದೇ ಕ್ಲಿನಿಕ್ಕಿನ ರಸಾಯನವಿಜ್ಞಾನಿ ಎಡ್ವರ್ಡ್ ಕೆಂಡಾಲ್ ಮೂತ್ರಪಿಂಡದ ಮೇಲೆ ಟೋಪಿಯಂತೆ ಕುಳಿತ ಅಡ್ರಿನಲ್ ಗ್ರಂಥಿಯಿಂದ ಹಲವು ವಸ್ತುಗಳನ್ನು ಬೇರ್ಪಡಿಸಿದ್ದರು. ಅವುಗಳಲ್ಲಿ ಒಂದಕ್ಕೆ ‘ಇ’ ಎಂದು ಹೆಸರು. ಅದನ್ನು ಪ್ರಯೋಗಿಸೋಣ ಎಂದು 1941ರಲ್ಲಿ ಇಬ್ಬರೂ ಮಾತಾಡಿಕೊಂಡರು, ಆದರೆ ಕೊಡುವಷ್ಟು ವಸ್ತುವೇ ಇರಲಿಲ್ಲ. ಎತ್ತಿನ ಪಿತ್ತದಿಂದ ಮೂವತ್ತಕ್ಕೂ ಹೆಚ್ಚು ಹಂತಗಳಲ್ಲಿ ಅದನ್ನು ತಯಾರಿಸುವುದನ್ನು ಮರ್ಕ್ ಕಂಪೆನಿಯವರು ಸಾಧಿಸುವವರೆಗೆ ಏಳು ವರ್ಷ ಕಾಯಬೇಕಾಯಿತು. ಕೊನೆಗೆ 1948ರ ಸೆಪ್ಟೆಂಬರ್ 21ರಂದು, ಹಾಸಿಗೆಯಲ್ಲಿ ಹೊರಳಲೂ ಕಷ್ಟಪಡುತ್ತಿದ್ದ 29 ವರ್ಷದ ಮಹಿಳೆಯೊಬ್ಬರಿಗೆ ಮೊದಲ ಇಂಜೆಕ್ಷನ್ ಕೊಟ್ಟರು. ವೈದ್ಯಕೀಯ ಚರಿತ್ರೆ ಆಕೆಯನ್ನು ‘ಮಿಸೆಸ್ ಜಿ’ ಎಂದಷ್ಟೇ ಗುರುತಿಸುತ್ತದೆ. ಒಂದು ವಾರದ ನಂತರ ಆಕೆ ಪೇಟೆಗೆ ನಡೆದುಹೋಗಿ ಮೂರು ಗಂಟೆ ಅಂಗಡಿ ಸುತ್ತಿದರು. ಆ ವಸ್ತುವೇ ಕಾರ್ಟಿಸೋನ್. ಎರಡೇ ವರ್ಷದಲ್ಲಿ, 1950ರಲ್ಲಿ, ಹೆಂಚ್, ಕೆಂಡಾಲ್ ಮತ್ತು ಸ್ವಿಟ್ಜರ್ಲೆಂಡಿನ ರೈಕ್‌ಸ್ಟೈನ್ ಅವರಿಗೆ ನೊಬೆಲ್ ಬಹುಮಾನ ಬಂತು. 2020ರಲ್ಲಿ ಕೋವಿಡ್ಡಿನಿಂದ ಆಮ್ಲಜನಕದ ಮೇಲಿದ್ದ ರೋಗಿಗಳಲ್ಲಿ ಸಾವನ್ನು ಕಡಿಮೆ ಮಾಡಿದ ಡೆಕ್ಸಾಮೆಥಸೋನ್ ಈ ಕುಟುಂಬದ್ದೇ ಕೂಸು.

ಆದರೆ ಬಹುಮಾನ ಬರುವ ಹೊತ್ತಿಗಾಗಲೇ ಬೇರೆ ಸುದ್ದಿಗಳೂ ಬರತೊಡಗಿದ್ದವು. ಔಷಧ ನಿಲ್ಲಿಸಿದರೆ ಕಾಯಿಲೆ ಮರಳುತ್ತದೆ. ನಿಲ್ಲಿಸದಿದ್ದರೆ ಮುಖ ಊದುತ್ತದೆ, ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ, ಮಕ್ಕಳು ಉದ್ದವಾಗುವುದಿಲ್ಲ. ನನ್ನ ಮುಖವೂ ದುಂಡಗಾಯಿತು. ವೈದ್ಯರು ಇದಕ್ಕೆ ಚಂದ್ರಮುಖ ಎನ್ನುತ್ತಾರೆ. ಕವಿಗಳು ಹೊಗಳುವ ಚಂದ್ರಮುಖಿ ಇದಲ್ಲವೆಂದು ಹೈಸ್ಕೂಲಿನ ಹುಡುಗಿಯರು ನನಗೆ ಬೇಗ ಮನವರಿಕೆ ಮಾಡಿಕೊಟ್ಟರು. ‘ಬನ್ನು’ ಎಂದು ಅಡ್ಡಹೆಸರು. ನನ್ನ ಎತ್ತರ 4 ಅಡಿ 9 ಅಂಗುಲಕ್ಕೆ ನಿಂತಿತು. ಕಪ್ಪು ಹಲಗೆಯ ಮೇಲ್ಭಾಗವನ್ನು ಇವತ್ತಿಗೂ ನನ್ನ ವಿದ್ಯಾರ್ಥಿಗಳೇ ಒರೆಸಿಕೊಡುತ್ತಾರೆ.

ಇಲ್ಲಿ ಪೋಷಕರಿಗೆ ಎರಡು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಸ್ಟೆರಾಯ್ಡ್ ಎಂದೊಡನೆ ಹೆದರಿ ಒಂದೇ ದಿನ ನಿಲ್ಲಿಸಬಾರದು. ಹೊರಗಿನಿಂದ ಬರುತ್ತಿದೆಯೆಂದು ದೇಹ ತನ್ನ ತಯಾರಿಕೆಯನ್ನು ಮಲಗಿಸಿರುತ್ತದೆ. ಹಠಾತ್ತನೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ವೈದ್ಯರೇ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ಎರಡನೆಯದಾಗಿ, ಮೂರು ದಿನದಲ್ಲಿ ಕೀಲುನೋವು ಮಾಯ ಎಂದು ಹೆಸರು, ವಿಳಾಸ, ಒಳಗೇನಿದೆ ಎಂಬ ವಿವರ ಯಾವುದೂ ಇಲ್ಲದ ಪೊಟ್ಟಣದಲ್ಲಿ ಮಾರುವ ಪುಡಿಗಳಲ್ಲಿ ಅನೇಕ ಸಲ ಬೆರೆಸಿರುವುದು ಇದೇ ಸ್ಟೆರಾಯ್ಡ್. ಮೂರು ದಿನದಲ್ಲಿ ಮಾಯವಾಗುವುದೂ ಅದರಿಂದಲೇ.

1993ರಲ್ಲಿ ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಾಗ ಮೆಥೊಟ್ರೆಕ್ಸೇಟ್ ಎಂಬ ಹಳದಿ ಮಾತ್ರೆ ನನ್ನ ಬದುಕಿಗೆ ಬಂತು. ವಿದ್ಯಾರ್ಥಿಗಳು ಕೇಳಲೇಬೇಕಾದ ಕಥೆ ಇದರದು.

ಆಂಧ್ರದ ಭೀಮಾವರದಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಮೆಟ್ರಿಕ್ಯುಲೇಷನ್ ಪಾಸಾದದ್ದು ಮೂರನೇ ಪ್ರಯತ್ನದಲ್ಲಿ. ಮದರಾಸು ಮೆಡಿಕಲ್ ಕಾಲೇಜಿನಲ್ಲಿ ಗಾಂಧೀಜಿಯ ಕರೆಗೆ ಓಗೊಟ್ಟು ಖಾದಿ ತೊಟ್ಟು ಇಂಗ್ಲಿಷ್ ಪ್ರಾಧ್ಯಾಪಕರ ಅಸಮಾಧಾನಕ್ಕೆ ಗುರಿಯಾದರು. ಕೈಗೆ ಸಿಕ್ಕಿದ್ದು ಎಂ.ಬಿ.ಬಿ.ಎಸ್. ಅಲ್ಲ, ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಪದವಿ. ಅವರ ಸೋದರರು ಸ್ಪ್ರೂ ಎಂಬ ಕರುಳಿನ ಕಾಯಿಲೆಯಿಂದ ತೀರಿಕೊಂಡಿದ್ದರು. 1923ರಲ್ಲಿ ಅಮೆರಿಕಕ್ಕೆ ಹೋದ ಸುಬ್ಬರಾವ್ ಹಾರ್ವರ್ಡಿನಲ್ಲಿ ದುಡಿದು, ಆಮೇಲೆ ನ್ಯೂಯಾರ್ಕ್ ಬಳಿಯ ಲೆಡರ್ಲೆ ಪ್ರಯೋಗಾಲಯ ಸೇರಿದರು. ಅಲ್ಲಿ ಅವರ ತಂಡ 1945ರಲ್ಲಿ ಫೋಲಿಕ್ ಆಮ್ಲವನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿತು. ಸೋದರರನ್ನು ಕೊಂಡೊಯ್ದ ಆ ಸ್ಪ್ರೂ ಕಾಯಿಲೆಗೆ ಮದ್ದಾದ ಜೀವಸತ್ವ ಅದೇ.

ಕೋಶಗಳು ಬೆಳೆದು ಇಬ್ಭಾಗವಾಗಲು ಫೋಲಿಕ್ ಆಮ್ಲ ಬೇಕು. ಹಾಗಾದರೆ ಅದರಂತೆಯೇ ಕಾಣುವ, ಆದರೆ ಅದರ ಕೆಲಸ ಮಾಡದ ಕಳ್ಳಕೀಲಿಯೊಂದನ್ನು ಬೀಗದೊಳಗೆ ತೂರಿಸಿದರೆ? ಕೋಶ ಬೆಳೆಯುವುದು ನಿಲ್ಲಬೇಕು. ಲೆಡರ್ಲೆಯಲ್ಲಿ ತಯಾರಾದ ಅಂಥ ಅಮಿನೊಪ್ಟೆರಿನ್ ಎಂಬ ವಸ್ತುವನ್ನು ಬಾಸ್ಟನ್ನಿನ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರ್ ಇದ್ದ 16 ಮಕ್ಕಳಿಗೆ ಕೊಟ್ಟರು. ಹತ್ತು ಮಕ್ಕಳು ಸ್ವಲ್ಪ ಕಾಲ ಚೇತರಿಸಿಕೊಂಡರು. 1948ರ ಮಾತು. ಅದೇ ವರ್ಷದ ಆಗಸ್ಟಿನಲ್ಲಿ ಸುಬ್ಬರಾವ್ ತಮ್ಮ 53ನೇ ವಯಸ್ಸಿನಲ್ಲಿ ತೀರಿಕೊಂಡರು. ಮಿಸೆಸ್ ಜಿ. ಅವರಿಗೆ ಕಾರ್ಟಿಸೋನ್ ಕೊಡುವ ಮುಂಚಿನ ತಿಂಗಳು.

1951ರಲ್ಲಿ ರಿಚರ್ಡ್ ಗಬ್ನರ್ ಮತ್ತು ಸಂಗಡಿಗರು ಅಮಿನೊಪ್ಟೆರಿನ್ ಸಂಧಿವಾತಕ್ಕೂ ಸೋರಿಯಾಸಿಸ್‌ಗೂ ಗುಣ ಕೊಡುತ್ತದೆ ಎಂದು ಬರೆದರು. ಕೀಲುವೈದ್ಯರಲ್ಲಿ ಅದನ್ನು ಗಮನಿಸಿದವರು ಕಡಿಮೆ. ಕಾರ್ಟಿಸೋನಿನ ಸೂರ್ಯ ನಡುನೆತ್ತಿಯಲ್ಲಿದ್ದ ಕಾಲ, ಯಾರಿಗೆ ಬೇಕಾಗಿತ್ತು ಈ ಹಣತೆ? ಅಮಿನೊಪ್ಟೆರಿನ್‌ನ ತಮ್ಮನಾದ ಮೆಥೊಟ್ರೆಕ್ಸೇಟ್ ಸಂಧಿವಾತಕ್ಕೆ ನಿಜವಾಗಿ ಒದಗುತ್ತದೆಂದು ಬಾಸ್ಟನ್ನಿನ ಮೈಕೆಲ್ ವೈನ್‌ಬ್ಲಾಟ್ ಮತ್ತು ಸಂಗಡಿಗರು ಕ್ರಮಬದ್ಧ ಪ್ರಯೋಗದಿಂದ ತೋರಿಸಿದ್ದು 1985ರಲ್ಲಿ. 1988ರಲ್ಲಿ ಅಮೆರಿಕ ಅನುಮತಿ ಕೊಟ್ಟಿತು. ಮಕ್ಕಳಿಗೂ ಇದು ನಡೆಯುತ್ತದೆಯೇ ಎಂದು ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳು ಸೇರಿ 127 ಮಕ್ಕಳ ಮೇಲೆ ಪರೀಕ್ಷೆ ನಡೆಸಿ, ನಡೆಯುತ್ತದೆ ಎಂದು 1992ರಲ್ಲಿ ಪ್ರಕಟಿಸಿದವು. ಪ್ರಕಟವಾಗುವ ಹೊತ್ತಿಗೆ ಸೋವಿಯತ್ ಒಕ್ಕೂಟವೇ ಇರಲಿಲ್ಲ ಎಂಬುದು ಬೇರೆ ಮಾತು. ಎರಡು ವೈರಿ ರಾಷ್ಟ್ರಗಳು ಮಕ್ಕಳ ಮಂಡಿಯ ವಿಷಯದಲ್ಲಾದರೂ ಒಟ್ಟಾದವಲ್ಲ ಎಂದು ನನಗೆ ಈಗಲೂ ಸಂತೋಷ.

ಈ ಮಾತ್ರೆಯನ್ನು ವಾರಕ್ಕೆ ಒಂದೇ ದಿನ ನುಂಗಬೇಕು. ಕ್ಯಾನ್ಸರಿಗೆ ಕೊಡುವುದಕ್ಕಿಂತ ಬಹಳ ಸಣ್ಣ ಅಳತೆಯಲ್ಲಿ. “ಯಾವ ವಾರ ಇಟ್ಟುಕೊಳ್ತೀರಿ, ಹೇಳಿ” ಎಂದು ಡಾಕ್ಟರು ಕೇಳಿದಾಗ ಅಮ್ಮ ಬೆರಳು ಎಣಿಸಿದರು. ಸೋಮವಾರ ಒಪ್ಪತ್ತು. ಮಂಗಳವಾರ ಹೊಸದನ್ನು ಶುರುಮಾಡುವಂತಿಲ್ಲ. ಗುರುವಾರ ರಾಯರದು, ಶುಕ್ರವಾರ ಲಕ್ಷ್ಮಿಯದು, ಶನಿವಾರ ಮತ್ತೆ ಒಪ್ಪತ್ತು, ಭಾನುವಾರ ಮನೆ ತುಂಬ ನೆಂಟರು. ಯಾವ ದೇವರೂ ಕೇಳದ ಬುಧವಾರ ನನ್ನ ಪಾಲಿಗೆ ಬಂತು. ಡಾಕ್ಟರು ಚೀಟಿಯ ಮೇಲೆ ಕನ್ನಡದಲ್ಲಿಯೇ ‘ಬುಧವಾರ ಮಾತ್ರ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು. ಆ ಗೆರೆಗಳಿಗೆ ಕಾರಣವಿದೆ. ವಾರದ ಮಾತ್ರೆಯನ್ನು ದಿನವೂ ನುಂಗಿ ಬಾಯೆಲ್ಲ ಹುಣ್ಣಾಗಿ, ಎಲುಬಿನ ಮಜ್ಜೆ ರಕ್ತ ತಯಾರಿಸುವುದನ್ನೇ ನಿಲ್ಲಿಸಿ ಸತ್ತವರು ಜಗತ್ತಿನ ಹಲವು ದೇಶಗಳಲ್ಲಿ ಇದ್ದಾರೆ. ಕಾರಣ ಬಹಳ ಸರಳ. ಚೀಟಿ ಸರಿಯಾಗಿ ಓದಲಾಗಲಿಲ್ಲ, ಅಥವಾ ಮಾತ್ರೆ ಎಂದರೆ ದಿನವೂ ಎಂಬ ರೂಢಿ. ನಿಮ್ಮ ಮನೆಯಲ್ಲಿ ಅಜ್ಜಿಯೋ ಅತ್ತೆಯೋ ಈ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮಕ್ಕಳೇ, ಇವತ್ತೇ ಹೋಗಿ ಡಬ್ಬಿಯ ಮೇಲೆ ವಾರದ ಹೆಸರನ್ನು ದಪ್ಪಕ್ಷರದಲ್ಲಿ ಬರೆದುಕೊಡಿ. ಹೊಟ್ಟೆ ತೊಳಸುವುದನ್ನು ತಡೆಯಲು ಬೇರೊಂದು ದಿನ ಫೋಲಿಕ್ ಆಮ್ಲದ ಮಾತ್ರೆಯನ್ನೂ ಕೊಡುತ್ತಾರೆ. ಕಳ್ಳಕೀಲಿಯೂ ಅಸಲಿ ಕೀಲಿಯೂ ಸುಬ್ಬರಾವ್ ಅವರ ಮನೆಯಿಂದಲೇ ಬಂದದ್ದು! ಆಗಾಗ ರಕ್ತಪರೀಕ್ಷೆ ಮಾಡಿಸಬೇಕು, ಬಸುರಿನಲ್ಲಿ ಇದನ್ನು ಮುಟ್ಟಲೇಬಾರದು.

ನನಗೆ ಗುಣ ಕಾಣಲು ಎರಡು ತಿಂಗಳು ಹಿಡಿಯಿತು. ಸ್ಟೆರಾಯ್ಡ್ ಇಳಿಯುತ್ತ ಇಳಿಯುತ್ತ ನಿಂತಿತು. 1995ರ ಅಂತಿಮ ಪರೀಕ್ಷೆಯನ್ನು ಮೂರು ಗಂಟೆ ನನ್ನ ಕೈಯಲ್ಲೇ ಬರೆದೆ, ಬರವಣಿಗೆಗೆ ಸಹಾಯಕರಿಲ್ಲದೆ. ಅದೇ ವರ್ಷ ಸುಬ್ಬರಾವ್ ಅವರ ಜನ್ಮಶತಮಾನೋತ್ಸವಕ್ಕೆ ಭಾರತ ಸರ್ಕಾರ ಅಂಚೆಚೀಟಿ ತಂದಿತು. ನನ್ನ ಬಳಿ ಒಂದಿದೆ, ಕಾಗದಕ್ಕೆ ಅಂಟಿಸದೆ ಇಟ್ಟುಕೊಂಡಿದ್ದೇನೆ.

ಮುಂದಿನ ಹೆಜ್ಜೆ ಲಂಡನ್ನಿನಲ್ಲಿ ಇಟ್ಟದ್ದು. ಕೆನಡಿ ಸಂಸ್ಥೆಯ ಮಾರ್ಕ್ ಫೆಲ್ಡ್‌ಮನ್ ಮತ್ತು ಲೂಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿ ರೋಗಿಗಳ ಕೀಲಿನಿಂದ ತೆಗೆದ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ ನೋಡಿದರು. ಉರಿಯೂತದ ಸಂದೇಶ ಹೊತ್ತು ತಿರುಗುವ ವಸ್ತುಗಳು ಅಲ್ಲಿ ಹತ್ತಾರು. ಒಂದನ್ನು ತಡೆದರೆ ಇನ್ನೊಂದು ಆ ಕೆಲಸ ಮಾಡುತ್ತದೆ, ಪ್ರಯೋಜನವಿಲ್ಲ ಎಂದು ಅನೇಕರು ವಾದಿಸಿದರು. ಇವರು ಟಿ.ಎನ್.ಎಫ್. ಎಂಬ ಒಂದನ್ನು ತಡೆದಾಗ ಉಳಿದವೂ ತಗ್ಗಿದವು. ಅದು ಗುಂಪಿನಲ್ಲಿ ಒಬ್ಬನಲ್ಲ, ಗುಂಪಿನ ಯಜಮಾನ. 1992ರಲ್ಲಿ ಚೇರಿಂಗ್ ಕ್ರಾಸ್ ಆಸ್ಪತ್ರೆಯ 20 ರೋಗಿಗಳಿಗೆ ಟಿ.ಎನ್.ಎಫ್. ತಡೆಯುವ ಪ್ರತಿಕಾಯವನ್ನು ಕೊಟ್ಟರು. ಬೇರೆ ಔಷಧಗಳೆಲ್ಲ ಸೋತಿದ್ದ ಆ ರೋಗಿಗಳು ಚೇತರಿಸಿಕೊಂಡರು. 1998ರಿಂದ ಈ ಜಾತಿಯ ಔಷಧಗಳು ಒಂದೊಂದಾಗಿ ಅಮೆರಿಕದ ಅಂಗಡಿಗೆ ಬಂದವು, ಮರುವರ್ಷ ಅಲ್ಲಿಯ ಮಕ್ಕಳಿಗೂ ಒಂದು ದೊರೆಯಿತು.

ಅಂಗಡಿಗೆ ಬಂದದ್ದು ನಮ್ಮ ಮನೆಗೆ ಬರಲು ಬಹಳ ಕಾಲ ಹಿಡಿಯಿತು. ಒಂದು ತಿಂಗಳ ಇಂಜೆಕ್ಷನ್ನಿಗೆ ನನ್ನ ಸಂಬಳ ಸಾಲುತ್ತಿರಲಿಲ್ಲ. 2014ರ ಕೊನೆಗೆ ಅಹಮದಾಬಾದಿನ ಝೈಡಸ್ ಕ್ಯಾಡಿಲಾ ಇಂಥದೊಂದು ಔಷಧವಾದ ಅಡಲಿಮುಮಾಬ್‌ಗೆ ಸಮನಾದದ್ದನ್ನು ಕಡಿಮೆ ಬೆಲೆಗೆ ತಂದಿತು. ಇದಕ್ಕೂ ಮುಂಚೆ, 2013ರಲ್ಲಿ, ನಮ್ಮ ಬೆಂಗಳೂರಿನ ಬಯೋಕಾನ್ ಕ್ಯೂಬಾದ ವಿಜ್ಞಾನಿಗಳೊಡನೆ ಸೇರಿ ಸೋರಿಯಾಸಿಸ್‌ಗೆ ಇಟೊಲಿಜುಮಾಬ್ ಎಂಬ ಪ್ರತಿಕಾಯ ಹೊರತಂದಿತ್ತು. 2016ರಲ್ಲಿ ಮೆಥೊಟ್ರೆಕ್ಸೇಟ್ ಒಂದೇ ಸಾಲದಾದಾಗ ನಾನು ಅಡಲಿಮುಮಾಬ್ ಶುರುಮಾಡಿದೆ. ಶುರುಮಾಡುವ ಮುನ್ನ ಎದೆಯ ಎಕ್ಸ್‌ರೇ ತೆಗೆದು, ತೋಳಿನ ಚರ್ಮಕ್ಕೆ ಚುಚ್ಚಿ ಕ್ಷಯದ ಪರೀಕ್ಷೆ ಮಾಡಿದರು. ಮೈಯೊಳಗೆ ಅಡಗಿ ನಿದ್ರಿಸುವ ಕ್ಷಯದ ರೋಗಾಣುವನ್ನು ಕಟ್ಟಿಹಾಕಿಟ್ಟಿರುವುದೂ ಇದೇ ಟಿ.ಎನ್.ಎಫ್. ಅದನ್ನು ತಡೆದರೆ ಕ್ಷಯ ಎದ್ದು ಕೂರಬಹುದು ಎಂದು 2001ರಲ್ಲಿ 70 ರೋಗಿಗಳ ವರದಿಯಿಂದ ಗೊತ್ತಾಯಿತು. ನಮ್ಮಂಥ ದೇಶದಲ್ಲಿ ಈ ಪರೀಕ್ಷೆಯನ್ನು ಬಿಟ್ಟು ಯಾರಾದರೂ ಇಂಜೆಕ್ಷನ್ ಕೊಡುತ್ತೇನೆಂದರೆ ಎದ್ದು ಬನ್ನಿ.

ಇಷ್ಟೆಲ್ಲ ಆದರೂ ಕಾಯಿಲೆ ಏಕೆ ಶುರುವಾಗುತ್ತದೆ ಎಂಬುದಕ್ಕೆ ಪೂರ್ತಿ ಉತ್ತರವಿಲ್ಲ. ಈವರೆಗಿನ ಔಷಧಗಳೆಲ್ಲ ಬೇಲಿಯ ಬಾಯಿಗೆ ಕುಕ್ಕೆ ಕಟ್ಟುವವು. ಬೇಲಿ ಮೇಯದಂತೆ ಆರೋಗ್ಯವಂತರಲ್ಲಿ ತಡೆಯುವವರು ಯಾರು? ಅದಕ್ಕೆಂದೇ ರಕ್ತದಲ್ಲಿ ಕಾವಲಿನ ಕೋಶಗಳಿವೆ ಎಂದು 1995ರಲ್ಲಿ ಜಪಾನಿನ ಶಿಮೊನ್ ಸಕಗುಚಿ ತೋರಿಸಿದರು. ಆ ಕೋಶಗಳ ಹಿಂದಿರುವ ವಂಶವಾಹಿಯನ್ನು 2001ರಲ್ಲಿ ಪತ್ತೆ ಹಚ್ಚಿದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರೊಡನೆ ಸಕಗುಚಿ ಅವರಿಗೂ 2025ರ ನೊಬೆಲ್ ಬಂದಿದೆ. ಜರ್ಮನಿಯ ಎರ್ಲಾಂಗೆನ್ ನಗರದ ವೈದ್ಯರು 20 ವರ್ಷದ ಲೂಪಸ್ ರೋಗಿಯೊಬ್ಬಳ ರಕ್ತದ ಕೋಶಗಳನ್ನೇ ಹೊರತೆಗೆದು, ತಿದ್ದಿ, ಮರಳಿ ಅವಳಿಗೇ ಕೊಟ್ಟು ಕಾಯಿಲೆ ಇಳಿಸಿದ್ದನ್ನು 2021ರಲ್ಲಿ ಪ್ರಕಟಿಸಿದರು. ಇದು ಎಲ್ಲರ ಕೈಗೆಟುಕುವ ಚಿಕಿತ್ಸೆಯಾಗಿಲ್ಲ, ಇನ್ನೂ ಪರೀಕ್ಷೆಯ ಹಂತದಲ್ಲಿದೆ. ಆದರೂ ತರಗತಿಯಲ್ಲಿ ಇದನ್ನು ಹೇಳುವಾಗ ಹಿಂದಿನ ಬೆಂಚಿನವರೂ ಕಿಟಕಿಯಿಂದ ಕಣ್ಣು ತೆಗೆಯುತ್ತಾರೆ.

ಕಳೆದ ಜೂನ್ ತಿಂಗಳಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಕಾಲೇಜಿಗೆ ಬಂದಿದ್ದರು. ಕಿರಿಯ ಮಗಳಿಗೆ ಐದು ವರ್ಷ, ಒಂದು ಮಂಡಿ ಊದಿ ಇದೇ ಕಾಯಿಲೆ ಎಂದು ಗೊತ್ತಾಗಿದೆ. “ಎಷ್ಟು ವರ್ಷ ಮಾತ್ರೆ ನುಂಗಬೇಕು ಮೇಡಂ?” ಎಂಬುದು ಅವರ ಪ್ರಶ್ನೆ. ಕೆಲವು ಮಕ್ಕಳಿಗೆ ಔಷಧ ನಿಲ್ಲುತ್ತದೆ, ನನ್ನಂತೆ ಕೆಲವರಿಗೆ ನಿಲ್ಲುವುದಿಲ್ಲ, ಯಾರಿಗೆ ಯಾವುದೆಂದು ಮೊದಲೇ ಹೇಳಲಾಗದು ಎಂದೆ. ಆಮೇಲೆ ಕಣ್ಣು ತೋರಿಸಿದ್ದೀರಾ ಎಂದು ಕೇಳಿದೆ. “ಕಣ್ಣು ಚೆನ್ನಾಗಿದೆಯಲ್ಲ, ಕೆಂಪಿಲ್ಲ, ನೋವಿಲ್ಲ” ಎಂದರು. ಚಿಕ್ಕ ಮಕ್ಕಳಲ್ಲಿ ಈ ಕಾಯಿಲೆ ಕಣ್ಣಿನ ಒಳಗೂ ಉರಿಯೂತ ಎಬ್ಬಿಸುತ್ತದೆ, ಕೆಂಪೂ ಇಲ್ಲದೆ, ನೋವೂ ಇಲ್ಲದೆ. ಮಗು ದೂರುವುದಿಲ್ಲ. ಗೊತ್ತಾಗುವ ಹೊತ್ತಿಗೆ ದೃಷ್ಟಿ ಹೋಗಿರಬಹುದು. ಸ್ಲಿಟ್ ಲ್ಯಾಂಪ್ ಎಂಬ ಸೂಕ್ಷ್ಮದರ್ಶಕದಲ್ಲಿ ಕಣ್ಣಿನ ವೈದ್ಯರು ನೋಡಿದರೆ ಮಾತ್ರ ತಿಳಿಯುತ್ತದೆ. ಚಿಕಿತ್ಸೆ ಇದೆ, ಬೇಗ ಸಿಕ್ಕರೆ ಕಣ್ಣು ಉಳಿಯುತ್ತದೆ.

ಅವರು ಆ ವಾರವೇ ಮಗುವನ್ನು ಹಾಸನಕ್ಕೆ ಕರೆದೊಯ್ದರು. ಎಡಗಣ್ಣಿನಲ್ಲಿ ಸ್ವಲ್ಪ ಉರಿಯೂತ ಇತ್ತು, ಹನಿ ಹಾಕುತ್ತಿದ್ದಾರೆ. ಅಕ್ಷರ ಓದುವ ಹಲಗೆಯ ಕೊನೆಯ ಸಾಲನ್ನೂ ಓದಿದಳಂತೆ. ಮೂರು ತಿಂಗಳಿಗೊಮ್ಮೆ ಬರಬೇಕೆಂದು ಹೇಳಿದ್ದಾರೆ.